ಕೆರೆದಾರಿಯ ಎರಡು ಚಿತ್ರಗಳು

ಚೌಕಟ್ಟು ಗೋಡೆಯ ಮೇಲೇ ಇತ್ತು. ಚಿತ್ರ ಇರಲಿಲ್ಲ.

ನಾನೂ ಮುರುಗೇಂದ್ರಪ್ಪನವರೂ ಮೊಳಕಾಲ್ಮೂರಿನಿಂದ ಬಸ್ಸು ಹಿಡಿದು ಬಂದು, ಚಳ್ಳಕೆರೆಯ ಆ ಕಲ್ಯಾಣ ಮಂಟಪದ ಮಹಡಿ ಹತ್ತಿದಾಗ ಮಧ್ಯಾಹ್ನ ಎರಡೂವರೆ ಆಗಿತ್ತು. ನಾಲ್ಕು ಗಂಟೆಗೆ ಗೋವರ್ಧನ ಮೇಷ್ಟ್ರ ಚಿತ್ರಪ್ರದರ್ಶನದ ಉದ್ಘಾಟನೆ. ಹೂವು, ಹಾರ, ನಗು ಇರಬೇಕಾದ ಕಡೆ ನಾಲ್ಕೈದು ಜನ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದರು. ಮೇಷ್ಟ್ರು ಮಾತ್ರ ಕಬ್ಬಿಣದ ಕುರ್ಚಿಯ ಮೇಲೆ ಕೂತು, ಬರಿದಾದ ಆ ಚೌಕಟ್ಟನ್ನೇ ನೋಡುತ್ತಿದ್ದರು.

ನನ್ನ ಹೆಸರು ಪಾತಣ್ಣ. ಸರ್ವೆ ಇಲಾಖೆಯಲ್ಲಿ ಇಪ್ಪತ್ತಾರು ವರ್ಷ ಮುರುಗೇಂದ್ರಪ್ಪನವರ ಜೊತೆ ಅಳತೆಯ ಸರಪಳಿ ಹಿಡಿದು ಹೊಲಹೊಲ ಅಲೆದವನು. ಇಬ್ಬರೂ ನಿವೃತ್ತರಾದೆವು. ಆದರೆ ಜನ ಅವರನ್ನು ನಿವೃತ್ತರಾಗಲು ಬಿಡಲಿಲ್ಲ. ಕಳೆದುಹೋದ ಎತ್ತು, ಅದಲುಬದಲಾದ ಸೀರೆ ಗಂಟು, ಯಾರು ಬರೆದರೆಂದು ತಿಳಿಯದ ಕಾಗದ, ಹೀಗೆ ಏನು ತಂಟೆಯಾದರೂ ಮೊಳಕಾಲ್ಮೂರಿನಲ್ಲಿ ಅವರ ಮನೆಯ ಜಗಲಿಗೇ ಬರುತ್ತಿದ್ದರು. ನನಗೆ ಅವರು ಇವತ್ತಿಗೂ ಸಾಹೇಬರೇ. ಸಾಹೇಬರು ಮೊದಲು ಕೇಳುವುದು ಒಂದೇ: "ನೀನು ಎಲ್ಲಿ ನಿಂತು ನೋಡ್ದೆ? ಅದನ್ನ ಮೊದಲು ಹೇಳು."

ಮೇಷ್ಟ್ರು ನಮ್ಮನ್ನು ನೋಡಿ ಎದ್ದರು. "ಮುರುಗೇಂದ್ರಪ್ಪ, ನನ್ನ ಕೆರೆದಾರಿ ಹೋಯ್ತಪ್ಪ" ಎಂದರು.

ಗೋವರ್ಧನ ಮೇಷ್ಟ್ರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿದವರು. ಆಮೇಲೆ ಟಿವಿಎಸ್ ಗಾಡಿಯ ಹಿಂದೆ ಹಲಗೆ ಕಟ್ಟಿಕೊಂಡು ಸುತ್ತಲಿನ ಹಳ್ಳಿಗಳನ್ನು ಬರೆಯುತ್ತ ತಿರುಗಿದರು. ಕುರಿ ಕಾಯುವವರು, ಶೇಂಗಾ ಬಿಡಿಸುವವರು, ಮಗ್ಗದ ಮನೆಯ ಅಂಗಳ, ಬ್ರಹ್ಮಗಿರಿಯ ತಪ್ಪಲು. ಅವರಿಗೆ ಎರಡು ಕೈ ಎಂದು ಜನ ಹೇಳುತ್ತಿದ್ದರು. ಒಂದು ಕೈ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿತ್ತು. ಕಂಬಳಿಯ ಎಳೆ ಸಹ ಎಣಿಸಬಹುದು. ಇನ್ನೊಂದು ಕೈ ಬರೀ ಬಣ್ಣದ ತೇಪೆ ಹಾಕುತ್ತಿತ್ತು. ಹತ್ತಿರ ನಿಂತರೆ ಏನೂ ತಿಳಿಯದು.

ಹೋಗಿದ್ದು ಮೊದಲ ಕೈಯ ಚಿತ್ರ. ನಾಲ್ಕಡಿ ಅಗಲ, ಮೂರಡಿ ಎತ್ತರ. ಬಿ.ಜಿ. ಕೆರೆಯಾಚೆಯ ಒಂದು ಹಟ್ಟಿಯ ಬೊಮ್ಮಕ್ಕ ತನ್ನ ಕುರಿಮಂದೆಯನ್ನು ಕೆರೆಗೆ ಹೊಡೆದುಕೊಂಡು ಹೋಗುವ ದಾರಿ. ಆರು ವರ್ಷದ ಹಿಂದೆ ಒಂದು ಬೇಸಿಗೆಯೆಲ್ಲ ಅಲ್ಲೇ ಕೂತು ಬರೆದಿದ್ದರಂತೆ. ಅದು ಮಾರಾಟಕ್ಕಿರಲಿಲ್ಲ. ಪ್ರದರ್ಶನ ಮುಗಿದ ಮೇಲೆ ಹಟ್ಟಿಗೇ ಕೊಡುವುದೆಂದು ಮಾತು ಕೊಟ್ಟಿದ್ದರು.

"ಫೋಟೊ ಇಲ್ಲವಾ?" ಎಂದರು ಸಾಹೇಬರು.

"ಉದ್ಘಾಟನೆ ಆಗೋವರೆಗೂ ಯಾರೂ ಫೋಟೊ ತೆಗೀಬಾರ್ದು ಅಂತ ನಂದೇ ಕಟ್ಟಳೆ. ಮನೇಲಿ ಬಟ್ಟೆ ಸುತ್ತಿ ಇಟ್ಟಿದ್ದೆ. ಇವತ್ತು ಬೆಳಗ್ಗೆ ಗೋಡೆಗೆ ಹಾಕಿದಾಗಲೇ ಇವರೆಲ್ಲ ನೋಡಿದ್ದು."

"ಪೊಲೀಸ್ನೋರಿಗೆ ಹೇಳೋಣ್ರಿ. ಸುಮ್ನೆ ಮಾತೇನು?" ಎಂದು ಗುಡುಗಿದರು ಚಿಕ್ಕಬಸಪ್ಪನವರು. ಚಳ್ಳಕೆರೆಯಲ್ಲಿ ಅವರ ಎಣ್ಣೆ ಮಿಲ್ಲಿನ ಸದ್ದಿಗಿಂತ ಅವರ ಗಂಟಲೇ ದೊಡ್ಡದು. ಆ ಚಿತ್ರ ತಮಗೇ ಬೇಕೆಂದು ಬೆಳಗ್ಗೆ ಹಟ ಹಿಡಿದು, ಮೇಷ್ಟ್ರು ಒಲ್ಲೆ ಎಂದಾಗ ಮುಖ ಊದಿಸಿಕೊಂಡಿದ್ದರಂತೆ.

"ಬೇಡ ಸಾವ್ಕಾರ್ರೇ, ಮೇಷ್ಟ್ರ ಹೆಸರು ಬೀದಿಗೆ ಬರೋದು ಬೇಡ" ಎಂದು ಮೆಲ್ಲಗೆ ಹೇಳಿದವರು ವಿಶ್ವನಾಥ್. ಬೀಜ ಗೊಬ್ಬರದ ವ್ಯಾಪಾರಿ, ಮೇಷ್ಟ್ರ ಹಳೆಯ ಶಿಷ್ಯ. ಈ ಪ್ರದರ್ಶನದ ಓಡಾಟವೆಲ್ಲ ಅವರದೇ. "ಎಲ್ಲರ ಚೀಲ ನೋಡಿ ಅಂತ ನಾನೇ ಹೇಳ್ದೆ. ಮೊದಲು ನಂದೇ ತೋರಿಸ್ದೆ. ಆದ್ರೆ..." ಅವರು ಮಾತು ನಿಲ್ಲಿಸಿ ಕಿಟಕಿಯ ಕಡೆ ನೋಡಿದರು.

ಕಿಟಕಿಯ ಹತ್ತಿರ ಸ್ವಪ್ನ ನಿಂತಿದ್ದಳು. ಮೊಳಕಾಲ್ಮೂರಿನ ನೇಕಾರರ ಮನೆಯ ಹುಡುಗಿ. ಸೀರೆಯ ಬುಟ್ಟಾಗಳಿಗೆ ಗ್ರಾಫ್ ಹಾಳೆಯಲ್ಲಿ ನಕ್ಷೆ ಹಾಕುತ್ತಿದ್ದವಳು ಮೇಷ್ಟ್ರ ಹತ್ತಿರ ಬಣ್ಣ ಕಲಿಯಲು ಬಂದು ಐದು ವರ್ಷವಾಗಿತ್ತು. ಅವಳ ಚೀಲದಲ್ಲಿ ಕ್ಯಾನ್ವಾಸ್ ಕತ್ತರಿಸುವ ಬ್ಲೇಡು ಸಿಕ್ಕಿತ್ತು. ಸಾಲದ್ದಕ್ಕೆ, ಬೆಳಗ್ಗೆ ಎಲ್ಲರೆದುರು ಅವಳು "ಮೇಷ್ಟ್ರೇ, ನಿಮ್ಮ ಕೆರೆದಾರೀಲಿ ಎಲ್ಲಾ ಐತೆ, ಉಸಿರೊಂದಿಲ್ಲ. ಮಧ್ಯದ ಗೋಡೆಗೆ ಇದನ್ನ ಬಿಟ್ಟು ತೇಪೆ ಚಿತ್ರ ಹಾಕಿ" ಎಂದು ವಾದ ಮಾಡಿದ್ದಳಂತೆ.

"ಬ್ಲೇಡು ದಿನಾ ನನ್ನ ಚೀಲದಲ್ಲೇ ಇರ್ತದೆ ಸಾರ್" ಎಂದಳು. ಕಣ್ಣು ಕೆಂಪಾಗಿದ್ದವು. "ಉಸಿರಿಲ್ಲ ಅಂದೆ ನಿಜ. ಹಂಗಂತ ಕೊಯ್ತೀನಾ?"

"ಅವಳಲ್ಲ" ಎಂದರು ಮೇಷ್ಟ್ರು. "ಬೇಕಾದರೆ ಪ್ರದರ್ಶನ ನಿಲ್ಲಿಸ್ತೀನಿ. ಆ ಮಗು ಹೆಸರು ಯಾರೂ ಎತ್ತಬೇಡಿ."

ಮುರುಗೇಂದ್ರಪ್ಪನವರು ಗೋಡೆಯ ಮೇಲಿನ ಗಡಿಯಾರ ನೋಡಿದರು. "ನಾಲ್ಕಕ್ಕೆ ಇನ್ನೂ ಗಂಟೆ ಮೇಲೆ ಐತೆ. ಅಲ್ಲೀವರೆಗೂ ಯಾವ ಚಿತ್ರಾನೂ ಗೋಡೆಯಿಂದ ಇಳಿಸಬೇಡಿ. ಪಾತಣ್ಣ, ಬಾ."

ಮೊದಲು ಚೌಕಟ್ಟಿನ ಹತ್ತಿರ ಹೋದರು. ಚಿತ್ರವನ್ನು ಕೊಯ್ದವರು ಸುತ್ತಲೂ ಬೆರಳಗಲ ಅಂಚು ಬಿಟ್ಟು ಕೊಯ್ದಿದ್ದರು. ನಾಲ್ಕೂ ಕಡೆ ಅಳತೆಪಟ್ಟಿ ಹಿಡಿದು ಗೆರೆ ಎಳೆದಷ್ಟು ನೇರ. ಒಂದು ಎಳೆಯೂ ಕಿತ್ತು ಬಂದಿರಲಿಲ್ಲ. ಕೆಳಗಿನ ಅಂಚಿನಲ್ಲಿ ಕೆಮ್ಮಣ್ಣು, ಅದರ ಮೇಲೆ ಕುರಿಯ ಗೊರಸಿನ ಗುರುತುಗಳು ಉಳಿದಿದ್ದವು.

"ಕಳ್ಳ ಇಷ್ಟು ನಿಧಾನವಾಗಿ ಕೊಯ್ತಾನೇನೋ?" ಎಂದು ನನ್ನನ್ನೇ ಕೇಳಿ, ಉತ್ತರ ಕಾಯದೆ ಮುಂದೆ ನಡೆದರು.

ಗೋಡೆಯುದ್ದಕ್ಕೂ ಇಪ್ಪತ್ತೊಂದು ಚಿತ್ರಗಳಿದ್ದವು. ಒಂದೊಂದರ ಹಿಂದಕ್ಕೂ ಹೆಬ್ಬೆರಳು ತೂರಿಸಿ ತೂರಿಸಿ ನೋಡುತ್ತ ಹೋದರು. ಮೂರು ಚಿತ್ರಗಳಿಗೆ ಆಗಲೇ ಮಾರಾಟದ ಚೀಟಿ ಅಂಟಿಸಿತ್ತು. 'ಮಗ್ಗದ ಮನೆ' ಒಬ್ಬ ಡಾಕ್ಟರ ಹೆಸರಿಗೆ, 'ಸಂತೆ' ಚಿಕ್ಕಬಸಪ್ಪನವರ ಹೆಸರಿಗೆ, 'ಶೇಂಗಾ ಕಣ' ಶ್ರೀಮತಿ ಶೈಲಜಾ ವಿಶ್ವನಾಥ್ ಹೆಸರಿಗೆ. ಒಂದು ಚಿತ್ರದ ಹಿಂದಿನಿಂದ ಕೈ ತೆಗೆದಾಗ ಸಾಹೇಬರು ಹೆಬ್ಬೆರಳನ್ನು ತೋರುಬೆರಳಿಗೆ ಒತ್ತಿ, ಬಿಡಿಸಿ, ಮತ್ತೆ ಒತ್ತಿ ನೋಡಿದರು. ಯಾವ ಚಿತ್ರವೆಂದು ನಾನು ಗಮನಿಸಿಕೊಳ್ಳಲಿಲ್ಲ. ಅದು ನನ್ನ ದಡ್ಡತನ.

ಕೆಳಗೆ ಮೆಟ್ಟಿಲ ಬುಡದಲ್ಲಿ ಕಾವಲಿಗಿದ್ದವನು ಜೋಗಪ್ಪ. ಮಹಡಿಗೆ ಇರುವುದು ಅದೊಂದೇ ಮೆಟ್ಟಿಲು.

"ಸುರುಳಿ ಸುತ್ತಿದ್ದು, ಗಂಟು ಕಟ್ಟಿದ್ದು, ಏನೂ ಕೆಳಗಿಳಿದಿಲ್ಲ ಸ್ವಾಮಿ" ಎಂದ. "ಒಂದು ಗಂಟೆಗೆ ಎಲ್ರೂ ಊಟಕ್ಕೆ ಇಳಿದ್ರು. ಸ್ವಪ್ನಮ್ಮ ಮೇಲೇ ಇದ್ರು. ಒಂದೂಕಾಲಿಗೆ ಇಳಿದು ಅಂಗಡಿಗೆ ಹೋಗಿ, ಅರ್ಧ ಗಂಟೆ ಬಿಟ್ಟು ಬಂದು ಸೀದಾ ಊಟಕ್ಕೆ ಕೂತ್ರು. ಆವಮ್ಮ ಆ ಕಡೆ ಹೋದಾಗ ವಿಶ್ವನಾಥ್ ಸಾವ್ಕಾರ್ರು ಮೈಕು ಸರಿ ಐತಾ ನೋಡಾಕೆ ಹತ್ತಿದ್ರು, ಇಪ್ಪತ್ತು ನಿಮಿಷ ಆಗಿರಬೇಕು. ಆಮೇಲೆ ಚಿಕ್ಕಬಸಪ್ನೋರು ಫೋನ್ ಮರ್ತು ಬಂದೆ ಅಂತ ಹತ್ತಿ ಎರಡೇ ನಿಮಿಷಕ್ಕೆ ಇಳಿದ್ರು. ಎರಡೂಕಾಲಿಗೆ ಎಲ್ರೂ ಮೇಲೆ ಹೋದ್ರು. ಹೋದೋರೇ ಕೂಗಿಕಂಡ್ರು."

ಸಾಹೇಬರು ಮೇಲೆ ಬಂದು ಸ್ವಪ್ನಳನ್ನು ಕರೆದರು. "ಅಂಗಡಿಗೆ ಯಾಕೆ ಹೋಗಿದ್ದೆ ತಾಯಿ?"

"ಗಮ್ ಟೇಪಿಗೆ ಸಾರ್. ಬೆಳಗ್ಗೆ ಹೊಸ ಉಂಡೆ ತಂದಿದ್ದೆ. ಚಿತ್ರದ ಹೆಸರಿನ ಚೀಟಿ ಅಂಟಿಸಾಣ ಅಂತ ನೋಡಿದ್ರೆ ಮೇಜಿನ ಮೇಲೆ ಇರ್ಲಿಲ್ಲ. ಎಲ್ಲಾ ಹುಡುಕ್ದೆ. ಕೆಳಗಿಳಿದು ಕೇಳಿದ್ರೆ, ಬಸ್ ಸ್ಟ್ಯಾಂಡ್ ಹತ್ರ ಸಿಗ್ತದೆ, ಹೋಗಿ ತಗಂಬಾ ಅಂತ ವಿಶ್ವನಾಥಣ್ಣ ಹೇಳಿದ್ರು. ಹೋದೆ."

"ಹಳೇ ಉಂಡೆ ಸಿಕ್ತಾ?"

"ಇನ್ನೂ ಇಲ್ಲ."

ಸಾಹೇಬರು ತಲೆದೂಗಿದರು. ಅವಳ ಮುಖದಲ್ಲಿ ಇನ್ನಷ್ಟು ಭಯ ತುಂಬಿತು. ಆ ಅರ್ಧ ಗಂಟೆಯೇ ತನಗೆ ಉರುಳಾಗುತ್ತದೆಂದು ಅವಳಿಗೆ ಅನ್ನಿಸಿರಬೇಕು. ನನಗೂ ಹಾಗೇ ಅನ್ನಿಸಿತ್ತು.

ಬಾಗಿಲ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿದ್ದಳು ಬೊಮ್ಮಕ್ಕ. ಅರವತ್ತರ ಮೇಲಿನ ಹೆಂಗಸು. ಚಿತ್ರದಲ್ಲಿ ತನ್ನನ್ನು ತಾನು ನೋಡಲೆಂದು ಬೆಳಗಿನ ಮೊದಲ ಬಸ್ಸಿಗೇ ಬಂದಿದ್ದಳು.

"ನೋಡ್ದೇನವ್ವ ಚಿತ್ರಾನ?" ಎಂದು ಕೇಳಿದೆ.

"ನೋಡ್ದೆ ಅಣ್ಣ. ಕುರಿ ಎಣಿಸ್ತಾ ಇದ್ದೆ, ಊಟಕ್ಕೆ ಕರೆದ್ರು. ಬಂದು ನೋಡಿದ್ರೆ ನಾನೂ ಇಲ್ಲ, ಕುರಿನೂ ಇಲ್ಲ." ನಗಲು ನೋಡಿದಳು, ಆಗಲಿಲ್ಲ. "ಅಲ್ಲೂ ಹಂಗೇ ಆಗೈತೆ ಈಗ. ಆ ದಾರಿನೇ ಇಲ್ಲ."

ಸಾಹೇಬರು ಅವಳೆದುರು ನೆಲದ ಮೇಲೇ ಕೂತುಬಿಟ್ಟರು. "ದಾರಿ ಇಲ್ಲ ಅಂದ್ರೆ?"

"ದಾಳಿಂಬೆ ತೋಟ ಮಾಡ್ಯಾರೆ ಸ್ವಾಮಿ. ಬೇವಿನ ಮರದ ಬುಡಕ್ಕೇ ತಂತಿ ಬೇಲಿ ಬಂದೈತೆ. ಯಾರೋ ಸೈಲಮ್ಮ ಅಂತೆ, ನಾವು ಮುಖ ಕಂಡಿಲ್ಲ, ಮೇಸ್ತ್ರಿ ಒಬ್ಬ ನೋಡ್ಕಂತಾನೆ. ಎರಡು ವರ್ಷ ಆತು. ನೀರಿಗೆ ಗುಡ್ಡ ಸುತ್ತಿ ಹೋಗ್ಬೇಕು. ಬೇಸಿಗೇಲಿ ಮರಿ ತಡೀತಾವಾ? ಹೋದ್ ಬ್ಯಾಸಗಿ ಒಂಬತ್ತು ಸತ್ವು. ಹಟ್ಟಿಯೋರೆಲ್ಲ ಅರ್ಜಿ ಕೊಟ್ವಿ. ಸೋಮವಾರ ತಹಸೀಲ್ದಾರ್ರು ಬರ್ತಾರೆ, ಅವತ್ತೇ ಕೊನೆ ಅಂತೆ."

"ಅಳತೆ ಮಾಡಿಲ್ವಾ?"

"ಮಾಡಿದ್ರು. ಗಡಿ ತೋರ್ಸೋ ಬಾಂದು ಕಲ್ಲು ಅಲ್ಲಿ ಉಳಿದಿರೋದು ಒಂದೇ, ಬೇವಿನ ಆಚೀಗೆ ಬಂಡೆ ತಾವ. ಅದ್ರಿಂದ ಅಳ್ದು, ನಕಾಶೆ ದಾರಿ ಬಂಡೆ ಮ್ಯಾಲೆ ಬರ್ತೈತೆ ಅಂದ್ರು. ಬಂಡೆ ಮ್ಯಾಲೆ ಬಂಡಿ ಹೊಡಿತಾರಾ ಯಾರಾದ್ರೂ?"

ಸಾಹೇಬರ ಹುಬ್ಬು ಮೇಲೇರಿತು. "ಆ ಕಲ್ಲು ಮುಂಚೆನೂ ಅಲ್ಲೇ ಇತ್ತಾ?"

"ಕಲ್ಲು ನೋಡ್ಕಂಡು ನಡೀತೀನಾ ಸ್ವಾಮಿ, ಕುರಿ ನೋಡ್ಕಂಡು ನಡೀತೀನಿ."

ಮುರುಗೇಂದ್ರಪ್ಪನವರು ಎದ್ದು ಸೀದಾ ಮೇಷ್ಟ್ರ ಹತ್ತಿರ ಹೋದರು. "ಆ ದಾರೀನ ಎಷ್ಟು ಸಲ ಬರ್ದೆ ನೀನು?"

"ಎರಡು ಸಲ. ಒಂದು ನಡುಮಧ್ಯಾಹ್ನದ್ದು, ಕಳುವಾಗಿರೋದು. ಇನ್ನೊಂದು ಅದೇ ಜಾಗದಲ್ಲಿ, ಅದೇ ಕಲ್ಲಿನ ಮೇಲೆ ಕೂತು, ಸಂಜೆ ಹೊತ್ತು. ಅಗೋ, ಅಲ್ಲಿ" ಎಂದು ಎದುರು ಗೋಡೆ ತೋರಿಸಿದರು. ಆ ಚಿತ್ರಕ್ಕಿನ್ನೂ ಹೆಸರಿನ ಚೀಟಿ ಅಂಟಿಸಿರಲಿಲ್ಲ.

ನಾವು ಹತ್ತಿರ ಹೋಗಿ ನೋಡಿದೆವು. ಕೇಸರಿ, ನೇರಳೆ, ಮಣ್ಣುಗೆಂಪು. ಬೆರಳಿನಲ್ಲಿ ಅದ್ದಿ ಬಳಿದಂತೆ ತೇಪೆಗಳು. ನನಗಂತೂ ಮರ ಯಾವುದು, ಮೋಡ ಯಾವುದು ತಿಳಿಯಲಿಲ್ಲ. ಸಾಹೇಬರು ಕನ್ನಡಕ ತೆಗೆದು, ಹಾಕಿ, ಮೂಗು ತಾಗುವಷ್ಟು ಬಗ್ಗಿದರು.

"ಅಲ್ಲಿಂದ ಕಾಣಲ್ಲ ಸಾರ್" ಎಂದಳು ಸ್ವಪ್ನ. "ಹಿಂದಕ್ಕೆ ಬನ್ನಿ. ಇನ್ನೂ. ಕಂಬದ ತನಕ ಬನ್ನಿ."

ಸಾಹೇಬರು ಹೆಜ್ಜೆ ಎಣಿಸುತ್ತ ಹಿಂದೆ ಸರಿದರು. ನಾನೂ ಸರಿದೆ. ಹದಿನಾಲ್ಕನೆಯ ಹೆಜ್ಜೆಗೆ ಆ ತೇಪೆಗಳೆಲ್ಲ ಒಂದಾಗಿ ಕಣ್ಣೆದುರು ಊರು ಎದ್ದು ನಿಂತಿತು. ಧೂಳಿನ ನಡುವೆ ಕುರಿಮಂದೆ, ಬಲಗಡೆ ಬೇವಿನ ಮರ, ಅದರಾಚೆ ಬಂಡೆ. ಎಡಕ್ಕೆ ಒಂದು ಬಿಳಿ ಚುಕ್ಕೆ. ಅದರಿಂದ ಹೊರಟ ನೇರಳೆ ಗೆರೆಯೊಂದು ದಾರಿಯನ್ನು ಅಡ್ಡ ದಾಟಿ ಬೇವಿನ ಬುಡ ಮುಟ್ಟುತ್ತಿತ್ತು. ಆ ಸಂಜೆಯ ಧೂಳು ಮೂಗಿಗೆ ಬಡಿದ ಹಾಗಾಯಿತು.

ಸಾಹೇಬರು ಬಹಳ ಹೊತ್ತು ನೋಡಿದರು. ಆಮೇಲೆ "ಎಲ್ಲರನ್ನೂ ಕರಿ ಪಾತಣ್ಣ" ಎಂದರು.

ಮೂರೂವರೆಗೆ ಎಲ್ಲರೂ ಸೇರಿದರು. ಮೇಷ್ಟ್ರು, ಸ್ವಪ್ನ, ಚಿಕ್ಕಬಸಪ್ಪ, ವಿಶ್ವನಾಥ್, ಬೊಮ್ಮಕ್ಕ. ಜೋಗಪ್ಪನನ್ನೂ ಮೇಲೆ ಕರೆಸಿದರು.

"ಮೊದಲು ಕೊಯ್ದ ರೀತಿ ನೋಡಿ" ಎಂದು ಶುರುಮಾಡಿದರು ಸಾಹೇಬರು. "ಸಿಟ್ಟಿಗೆ ಕೊಯ್ದವರು ಅಡ್ಡಾದಿಡ್ಡಿ ಹರೀತಾರೆ. ಕದ್ದು ಓಡೋರು ಹೆಂಗೋ ಕೊಯ್ದು ಸುರುಳಿ ಸುತ್ತಿ ಓಡ್ತಾರೆ. ಇಲ್ಲಿ ಎರಡೂ ಆಗಿಲ್ಲ. ಅಳತೆಪಟ್ಟಿ ಹಿಡಿದು, ಬಣ್ಣ ಸಿಡೀದ ಹಾಗೆ ಕೊಯ್ದಿದ್ದಾರೆ. ಚಿತ್ರಕ್ಕೆ ನೋವಾಗಬಾರದು ಅನ್ನೋ ಮನುಷ್ಯ. ಸುತ್ತ ಬೆರಳಗಲ ಬಿಟ್ಟದ್ದು ಯಾಕೆ? ಇದೇ ಅಳತೆಯ ಇನ್ನೊಂದು ಚೌಕಟ್ಟಿನೊಳಗೆ ಅದು ಮಡಿಕೆ ಬೀಳದೆ ಕೂರಬೇಕಿತ್ತು."

"ಅಂದ್ರೆ ಚಿತ್ರ ಇಲ್ಲೇ ಐತಾ?" ಎಂದರು ಚಿಕ್ಕಬಸಪ್ಪ. ಅವರ ಗಂಟಲು ಮೊದಲ ಸಲ ತಗ್ಗಿತ್ತು.

"ಮೆಟ್ಟಿಲು ಇಳಿದಿಲ್ಲ ಅಂತ ಜೋಗಪ್ಪ ಹೇಳ್ತಾನೆ. ಚೀಲದಲ್ಲಿ ಸಿಕ್ಕಿಲ್ಲ. ಇನ್ನೆಲ್ಲಿರುತ್ತೆ? ಈಗ ಟೇಪಿನ ವಿಷಯ. ಸ್ವಪ್ನ ತಂದ ಹೊಸ ಉಂಡೆ ಊಟದ ಹೊತ್ತಿಗೆ ಕಾಣೆಯಾಯ್ತು. ಎಲ್ಲರೂ ಆ ಹುಡುಗಿಯ ಬ್ಲೇಡನ್ನ ಹಿಡಕೊಂಡ್ರಿ. ಅವಳನ್ನ ಹೊರಗೆ ಕಳಿಸಿದ್ದು ಯಾವುದು ಅಂತ ಯಾರೂ ಕೇಳಲಿಲ್ಲ. ಟೇಪು ತೆಗೆದವನಿಗೆ ಎರಡು ಲಾಭ: ಇವಳು ಮಹಡಿಯಿಂದ ಇಳೀತಾಳೆ, ಚೌಕಟ್ಟಿನ ಬೆನ್ನು ಬಿಚ್ಚಿ ಮತ್ತೆ ಮುಚ್ಚೋಕೆ ಟೇಪೂ ಸಿಗ್ತದೆ. ಗೋವರ್ಧನ, ನಿನ್ನ ಚೌಕಟ್ಟಿನ ಬೆನ್ನಿಗೆ ಏನು ಹಚ್ತೀಯಾ?"

"ಮೈದಾ ಅಂಟು, ಹಳೇ ಕಾಗದದ ಪಟ್ಟಿ."

"ಹೌದು. ಇಪ್ಪತ್ತು ಚಿತ್ರದ ಬೆನ್ನು ಒಣಗಿ ಗರಿಗರಿ ಅಂತಾವೆ. ಒಂದಕ್ಕೆ ಮಾತ್ರ ನನ್ನ ಹೆಬ್ಬೆರಳು ಅಂಟಿಕೊಳ್ತು."

ಸಾಹೇಬರು ಆ ಹೆಬ್ಬೆರಳನ್ನೇ ಎತ್ತಿ ತೋರಿಸಿದರು.

"ಆದರೆ ಯಾಕೆ? ಅದೇ ನನಗೆ ಹೊಳೀಲಿಲ್ಲ, ಈ ಮಗು ನನ್ನನ್ನ ಕಂಬದ ತನಕ ಹಿಂದಕ್ಕೆ ಕರೆಯೋವರೆಗೂ." ಎಲ್ಲರನ್ನೂ ಕಂಬದ ಹತ್ತಿರಕ್ಕೆ ಕರೆದು ತೇಪೆ ಚಿತ್ರದ ಕಡೆ ಕೈ ತೋರಿಸಿದರು. "ಇದು ಸಂಜೆ. ಹೊತ್ತು ಪಡುವಣಕ್ಕಿಳಿದಿದೆ, ನೆರಳು ಮೂಡಣಕ್ಕೆ ಬೀಳ್ತಾ ಇದೆ. ಆ ಬಿಳಿ ಚುಕ್ಕೆ ಬಾಂದು ಕಲ್ಲು. ಅದರ ನೆರಳು ದಾರಿ ದಾಟಿ ಬೇವಿನ ಬುಡಕ್ಕೆ ಮುಟ್ಟಿದೆ. ಅಂದ್ರೆ ಕಲ್ಲು ಈ ಕಡೆ, ಬೇವು ಆ ಕಡೆ, ನಡುವೆ ದಾರಿ. ಇವತ್ತು ಕಲ್ಲು ಎಲ್ಲೈತೆ ಬೊಮ್ಮಕ್ಕ?"

"ಬೇವಿನ ಆಚೀಗೆ..." ಎಂದವಳು ಥಟ್ಟನೆ ಎದ್ದು ನಿಂತಳು. "ಅಯ್ಯೋ ಶಿವನೇ! ಕಲ್ಲು ನಡೆದಾಡೈತೆ!"

"ನಡೆಸಿದ್ದಾರೆ. ಕಲ್ಲು ಸರಿದದ್ದರಿಂದ ಅಳತೆ ಸರೀತು, ನಕಾಶೆಯ ದಾರಿ ಬಂಡೆ ಹತ್ತಿ ಕೂತ್ಕೊಳ್ತು, ಅಸಲು ದಾರಿ ತೋಟದೊಳಗೆ ಸೇರ್ಕೊಳ್ತು. ಕಳುವಾದ ಚಿತ್ರದಲ್ಲಿ ಆ ಕಲ್ಲು ಇನ್ನೂ ಸ್ಪಷ್ಟವಾಗಿ ಕಂಡಿರಬೇಕು. ನಾಲ್ಕು ಗಂಟೆಗೆ ನೂರು ಜನ ಫೋಟೊ ತೆಗೀತಾರೆ, ಸೋಮವಾರ ತಹಸೀಲ್ದಾರ್ ಬರ್ತಾರೆ. ಅದನ್ನ ಬೆಳಗ್ಗೆ ಗೋಡೆ ಮೇಲೆ ನೋಡಿದೋರೊಬ್ಬರ ಎದೆ ನಡುಗ್ತು. ಈ ತೇಪೆ ಚಿತ್ರಾನ ಅವರು ಹತ್ತಿರ ನಿಂತು ನೋಡಿದ್ರು, ಏನೂ ಕಾಣಲಿಲ್ಲ, ಬಿಟ್ರು."

ಸಾಹೇಬರು ನಡೆದು ಹೋಗಿ 'ಶೇಂಗಾ ಕಣ'ದ ಮುಂದೆ ನಿಂತರು. "ಬೊಮ್ಮಕ್ಕನ ಬಾಯಲ್ಲಿ ಸೈಲಮ್ಮ. ಚೀಟಿಯಲ್ಲಿ ಶೈಲಜಾ. ಬೆಳಗ್ಗೆ ಹೆಂಡತಿ ಹೆಸರಲ್ಲಿ ಈ ಚಿತ್ರ ತಗೊಂಡ್ರಿ. ಪ್ರದರ್ಶನ ಮುಗಿದ ಮೇಲೆ ಎಲ್ಲರೆದುರೇ ಕಾರಿಗೆ ಹಾಕ್ಕೊಂಡು ಹೋಗಬಹುದಿತ್ತು. ಚಿಕ್ಕಬಸಪ್ಪನೋರು ಮೇಲಿದ್ದದ್ದು ಎರಡು ನಿಮಿಷ. ಅಷ್ಟರಲ್ಲಿ ಈ ಕೆಲಸ ಆಗಲ್ಲ. ಮೈಕು ನೋಡೋಕೆ ಇಪ್ಪತ್ತು ನಿಮಿಷ ಬೇಕಾಯ್ತಾ, ವಿಶ್ವನಾಥ್?"

ನಾನು ಚಿತ್ರ ಇಳಿಸಿ ಬೋರಲು ಹಾಕಿದೆ. ಬೆನ್ನಿನ ಮೇಲೆ ಹೊಸ ಟೇಪು ಮಿರಿಮಿರಿ ಎನ್ನುತ್ತಿತ್ತು. ಸ್ವಪ್ನ ತನ್ನ ಬ್ಲೇಡಿನಿಂದಲೇ ಅದನ್ನು ಬಿಡಿಸಿದಳು. ಪ್ಲೈವುಡ್ ಹಲಗೆ ಎತ್ತಿದಾಗ ಒಳಗೆ, ಒಂದು ಸುಕ್ಕೂ ಇಲ್ಲದೆ, ಬೊಮ್ಮಕ್ಕ ತನ್ನ ಕುರಿಗಳೊಂದಿಗೆ ಕೆರೆಯ ಕಡೆ ನಡೆಯುತ್ತಿದ್ದಳು. ದಾರಿಯ ಎಡಕ್ಕೆ, ಮೇಲೆ ಕೆತ್ತಿದ ಗುರುತಿನ ಸಮೇತ, ಬಾಂದು ಕಲ್ಲು.

"ಮೇಷ್ಟ್ರೇ" ಎಂದರು ವಿಶ್ವನಾಥ್. "ಬೇಲಿ ಹಾಕುವಾಗ ಕಲ್ಲು ಅಡ್ಡ ಬರ್ತೈತೆ ಅಂತ ಮೇಸ್ತ್ರಿ ಅಂದ. ಸರಿಸು ಅಂದೆ. ಯಾರು ಕೇಳ್ತಾರೆ ಅಂದ್ಕಂಡೆ. ಆಮೇಲೆ ಅರ್ಜಿ ಬಂತು, ಹೇಳೋಕೆ ಬಾಯಿ ಬರ್ಲಿಲ್ಲ. ಚಿತ್ರ ಸುಡ್ತಿರ್ಲಿಲ್ಲ ಮೇಷ್ಟ್ರೇ, ನಿಮ್ಮಾಣೆ. ಸೋಮವಾರ ಕಳೆದ ಮೇಲೆ ಹೆಂಗಾದ್ರೂ ನಿಮ್ಮನೆ ಸೇರಿಸ್ತಿದ್ದೆ."

"ಸ್ವಪ್ನ?" ಎಂದರು ಮೇಷ್ಟ್ರು. "ಆ ಮಗು ಹೆಸರು ಕೆಡ್ತಾ ಇತ್ತು. ನೀನು ನೋಡ್ತಾ ನಿಂತಿದ್ದೆ."

ಚಿಕ್ಕಬಸಪ್ಪ ಮತ್ತೆ ಪೊಲೀಸರ ಮಾತೆತ್ತಿದರು. ಮೇಷ್ಟ್ರು ಕೈ ಎತ್ತಿ ತಡೆದರು. "ಚಿತ್ರ ನಂದು. ಅದರ ಲೆಕ್ಕ ನಾನು ಬಿಟ್ಟೆ. ದಾರಿ ಮಾತ್ರ ನಂದಲ್ಲ. ಬೊಮ್ಮಕ್ಕ, ನೀನು ಹೇಳು."

ಬೊಮ್ಮಕ್ಕ ವಿಶ್ವನಾಥರನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಸೋಮವಾರ ಎಲ್ಲರ ಮುಂದೆ ನೀನೇ ಬಂದು ಹೇಳಪ್ಪ. ಬೇಲಿ ನಿನ್ನ ಕೈಯಾಗೇ ಬಿಚ್ಚು. ಈ ಮಗಳ ಹತ್ರ ಈಗ್ಲೇ ತಪ್ಪಾತು ಅನ್ನು. ನಂಗೆ ಇನ್ನೇನೂ ಬ್ಯಾಡ."

ಅವರು ಸ್ವಪ್ನಳೆದುರು ಕೈ ಮುಗಿದು ಹಾಗೇ ಅಂದರು. ಅವಳು ತಲೆಯಾಡಿಸಿದಳು. ಕ್ಷಮಿಸಿದಳೋ ಇಲ್ಲವೋ ನನಗೆ ಗೊತ್ತಾಗಲಿಲ್ಲ.

ನಾಲ್ಕು ಗಂಟೆಗೆ ಉದ್ಘಾಟನೆ ನಡೆಯಿತು. ಕೊಯ್ದ ಚಿತ್ರವನ್ನು ಹಲಗೆಗೆ ಒತ್ತುಮೊಳೆ ಚುಚ್ಚಿ ಹಾಗೇ ನಿಲ್ಲಿಸಿದರು. ಅದರ ಪಕ್ಕಕ್ಕೆ ಸಂಜೆಯ ಚಿತ್ರವನ್ನು ಮೇಷ್ಟ್ರೇ ತಂದು ತೂಗುಹಾಕಿದರು.

ಸೋಮವಾರ ಬೆಳಗ್ಗೆ ಹಟ್ಟಿಯ ಜನವೆಲ್ಲ ಬೇವಿನ ಮರದ ಹತ್ತಿರ ಸೇರಿದ್ದರು. ತಹಸೀಲ್ದಾರರ ಮುಂದೆ ವಿಶ್ವನಾಥ್ ಹೇಳಬೇಕಾದ್ದನ್ನು ಹೇಳಿ ಸಹಿ ಮಾಡಿದರು. ಆದರೆ ಎರಡು ವರ್ಷದಲ್ಲಿ ಕಲ್ಲು ಕಿತ್ತ ಜಾಗ ಅವರ ಮೇಸ್ತ್ರಿಗೂ ಮರೆತಿತ್ತು. ಸಾಹೇಬರು ಮೇಷ್ಟ್ರು ಅಂದು ಕೂತಿದ್ದ ಕಲ್ಲಿನ ಮೇಲೆ ಕೂತರು. ಎರಡೂ ಚಿತ್ರಗಳನ್ನು ಎದುರಿಗೆ ಹಿಡಿಯಲು ನನಗೂ ಸ್ವಪ್ನಳಿಗೂ ಹೇಳಿ, ಮರ, ಬಂಡೆ, ಕೆರೆಯ ಏರಿ ಮೂರನ್ನೂ ಕಣ್ಣಲ್ಲಿ ಹೊಂದಿಸಿ ಕೈ ಚಾಚಿದರು. "ಅಲ್ಲಿ ಅಗೀರಿ." ಎರಡಡಿ ಆಳಕ್ಕೆ ಗಟ್ಟಿ ನೆಲದ ನಡುವೆ ಚೌಕಾಕಾರದ ಮೆತ್ತನೆಯ ಗುಂಡಿ ಸಿಕ್ಕಿತು. ಸುತ್ತ ಹಿರಿಯರು ಬಡಿದಿದ್ದ ಚಕ್ಕೆಗಲ್ಲುಗಳು. ಕಲ್ಲನ್ನು ತಂದು ಇಳಿಸಿದರೆ ಒಂದು ಬೆರಳೂ ಆಚೀಚೆ ಆಗದೆ ಕೂತಿತು. ಅಲ್ಲಿಂದ ಅಳೆದಾಗ ನಕಾಶೆಯ ದಾರಿ ಬಂಡೆಯಿಂದಿಳಿದು ಸೀದಾ ಕೆರೆಯ ಕಡೆ ತಿರುಗಿತು.

ವಿಶ್ವನಾಥ್ ಇಕ್ಕಳ ಹಿಡಿದು ಮೊದಲ ತಂತಿ ಕತ್ತರಿಸಿದರು. ಹಟ್ಟಿಯವರು ಕಂಬಗಳನ್ನು ಕಿತ್ತು ಪಕ್ಕಕ್ಕೆ ಒಟ್ಟಿದರು. ಬೊಮ್ಮಕ್ಕ ತನ್ನ ಮಂದೆಯನ್ನು ತಂದು ದಾರಿಯ ಬಾಯಿಗೆ ಬಿಟ್ಟಳು.

ಕುರಿಗಳು ಅಲುಗಾಡಲಿಲ್ಲ. ಅವುಗಳಲ್ಲಿ ಮುಕ್ಕಾಲು ಪಾಲು ಈ ಎರಡು ವರ್ಷದಲ್ಲಿ ಹುಟ್ಟಿದವು. ಅವಕ್ಕೆ ಅದು ದಾರಿ ಎಂದೇ ಗೊತ್ತಿರಲಿಲ್ಲ. ಬೊಮ್ಮಕ್ಕ ಹೊಡೆಯಲಿಲ್ಲ, ಕೂಗಲಿಲ್ಲ, ಸುಮ್ಮನೆ ಕಾದಳು. ಆಗ ಹಿಂದಿನಿಂದ ಕಿವಿ ಹರಿದ ಮುದಿ ಕುರಿಯೊಂದು ಗುಂಪನ್ನು ಸೀಳಿಕೊಂಡು ಮುಂದೆ ಬಂತು. ನೆಲ ಮೂಸಿತು. ತಲೆಯೆತ್ತಿ ಗಾಳಿಯಲ್ಲಿ ನೀರಿನ ವಾಸನೆ ಹಿಡಿಯಿತು. ಆಮೇಲೆ ತಿರುಗಿ ನೋಡದೆ ಕೆರೆಯ ಕಡೆ ನಡೆಯತೊಡಗಿತು. ಒಂದು ಮರಿ ಅದರ ಹಿಂದೆ ಹೊರಟಿತು, ಇನ್ನೊಂದು ಹೊರಟಿತು, ಆಮೇಲೆ ಮಂದೆಯೆಲ್ಲ ಧೂಳೆಬ್ಬಿಸಿಕೊಂಡು ಓಡಿತು.